ಲಸಿಕೆಗೆ ಮುನ್ನ ಮಾತ್ರೆಯ ದಿನಾಂಕ ನೋಡಿ

ನಮ್ಮ ಚಿಕ್ಕಮ್ಮನಿಗೆ ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ಕಾಯಿಲೆ. ಇದರ ಹಲವು ಔಷಧಗಳು ಆ ಶಕ್ತಿಯನ್ನು ತಗ್ಗಿಸುವುದರಿಂದ ಲಸಿಕೆಯ ಪರಿಣಾಮವೂ ಕುಗ್ಗಬಹುದು. ಫ್ಲೂ ಲಸಿಕೆ ಚೆನ್ನಾಗಿ ಹತ್ತಲಿ ಎಂದು ಯಾರದೋ ಮಾತು ಕೇಳಿ ಎಲ್ಲ ಮಾತ್ರೆಗಳನ್ನೂ ತಿಂಗಳು ನಿಲ್ಲಿಸಿದರು. ಮೂರನೇ ವಾರಕ್ಕೆ ಬಾಚಣಿಗೆ ಹಿಡಿಯಲಾಗದಷ್ಟು ಬೆರಳು ಊದಿಕೊಂಡವು. ಪರಿಚಿತರೊಬ್ಬರು ಇದೇ ಕಾಯಿಲೆಗೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧದ ಡ್ರಿಪ್ ಆದ ಮರುವಾರವೇ ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡರು. ಅಷ್ಟೂ ದುಡ್ಡು ಬಹುಮಟ್ಟಿಗೆ ಹೊಳೆಯಲ್ಲಿ ಹುಣಸೆಹಣ್ಣು.

ಮೊದಲು ಔಷಧಗಳ ಹೆಸರು, ಪ್ರಮಾಣ, ಕೊನೆಯ ಸಲ ತೆಗೆದುಕೊಂಡ ದಿನ ಬರೆಯಿರಿ. ಲೇಬಲ್ ಇಲ್ಲದ ‘ಕೀಲುನೋವಿನ ಪುಡಿ’ಯನ್ನೂ ಸೇರಿಸಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ನನ್ನ ಕೇಳಿದರೆ ಅದನ್ನು ಮನೆಯೊಳಗೇ ಬಿಟ್ಟುಕೊಳ್ಳಬಾರದು.

ಆಮೇಲೆ ಲಸಿಕೆ ಯಾವ ಬಗೆಯದೆಂದು ಕೇಳಿ. ದಡಾರ-ಮಂಗನಬಾವು-ರುಬೆಲ್ಲಾ, ಸೀತಾಳೆ ಸಿಡುಬು, ಹಳದಿ ಜ್ವರ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ, ಇವುಗಳಲ್ಲಿ ಜೀವಂತ ವೈರಾಣು ಇರುತ್ತದೆ. ತಜ್ಞರು ಒಪ್ಪದೆ ಮುಟ್ಟಬೇಡಿ. ಸರ್ಪಸುತ್ತಿಗೆ ಜೀವಂತವಲ್ಲದ ಶಿಂಗ್ರಿಕ್ಸ್ ಇದೆ.

ಎಲ್ಲರೂ ಎಡವುವುದು ದಿನಾಂಕದಲ್ಲಿ. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್, ಪ್ರತಿಕಾಯಗಳ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳ) ಉತ್ಪತ್ತಿಯನ್ನು ತಗ್ಗಿಸುತ್ತದೆ. ಫ್ಲೂ ಲಸಿಕೆಯ ನಂತರ ಎರಡು ವಾರ, ಅಂದರೆ ಎರಡು ಸಲದ ಮಾತ್ರೆ ಬಿಟ್ಟರೆ ಪರಿಣಾಮ ಹೆಚ್ಚುತ್ತದೆ. ಗಮನಿಸಿ: ನಂತರ, ಮುಂಚೆ ಅಲ್ಲ. ಬ್ರಿಟನ್ನಿನಲ್ಲಿ ಕೋವಿಡ್ ಬೂಸ್ಟರ್ ಬಳಿಕ ಹೀಗೆ ಎರಡು ವಾರ ಬಿಟ್ಟವರಲ್ಲಿ ಪ್ರತಿಕಾಯ ಸುಮಾರು ಎರಡು ಪಟ್ಟಾಯಿತು ಎಂದು 2022ರಲ್ಲಿ ವರದಿಯಾಯಿತು. ಜೊತೆಗೆ ಕಾಯಿಲೆ ಕೆರಳಿದವರೂ ಹೆಚ್ಚಿದ್ದರು. ಆದ್ದರಿಂದ ಕಾಯಿಲೆ ಹತೋಟಿಯಲ್ಲಿದ್ದು, ವೈದ್ಯರು ಹೂಂ ಎಂದರೆ ಮಾತ್ರ ಬಿಡಿ. ಬೇಡ ಎಂದರೆ ಮಾತ್ರೆಯನ್ನೂ ನುಂಗಿ, ಲಸಿಕೆಯನ್ನೂ ಹಾಕಿಸಿಕೊಳ್ಳಿ. ಅರೆಬರೆ ರಕ್ಷಣೆಯೂ ರಕ್ಷಣೆಯೇ.

ರಿಟುಕ್ಸಿಮ್ಯಾಬ್‌ನದು ಬೇರೆಯೇ ಲೆಕ್ಕ. ಪ್ರತಿಕಾಯ ತಯಾರಿಸಬೇಕಾದ ಬಿ ಕೋಶಗಳನ್ನೇ ಅದು ತಿಂಗಳುಗಟ್ಟಲೆ ಅಳಿಸಿಹಾಕುತ್ತದೆ. ಹಾಗಾಗಿ ಮುಂದಿನ ಡ್ರಿಪ್‌ನ ಸರದಿ ಬರುವವರೆಗೆ ಕಾದು, ಆಗ ಲಸಿಕೆ ಹಾಕಿಸಿಕೊಂಡು, ಕನಿಷ್ಠ ಎರಡು ವಾರ ಬಿಟ್ಟು ಡ್ರಿಪ್ ಹಾಕಿಸಿಕೊಳ್ಳುವುದು ಸರಿಯಾದ ಕ್ರಮ. ಫ್ಲೂ ಲಸಿಕೆಗೆ ಮಾತ್ರ ಇಷ್ಟು ಕಾಯಬೇಡಿ. ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ, ಫ್ಲೂ ಬಿಟ್ಟು ಉಳಿದ ಲಸಿಕೆಗಳನ್ನು ಪ್ರಮಾಣ ಇಳಿಯುವವರೆಗೆ ಮುಂದೂಡುವುದು ರೂಢಿ. ನೀವಾಗಿ ಇದನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಸಂಧಿವಾತದ ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಈ ತಕರಾರು ಯಾವುದೂ ಇಲ್ಲ.

ಚುಚ್ಚಿಸಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ಮನೆಗೆ ಬಂದ ತಕ್ಷಣ ಮಾತ್ರೆ ಮತ್ತೆ ಶುರು ಮಾಡುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿಟ್ಟ ಮೆಥೊಟ್ರೆಕ್ಸೇಟನ್ನು ಸರಿದೂಗಿಸಲೆಂದು ಒಟ್ಟಿಗೆ ನುಂಗಬೇಡಿ, ಅದು ವಿಷವಾದೀತು.

ನಾಯಿ ಕಚ್ಚಿದರೆ ಮಾತ್ರ ಮೇಲಿನ ಲೆಕ್ಕವನ್ನೆಲ್ಲ ಮರೆತುಬಿಡಿ. ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ, ನೀವು ನುಂಗುವ ಮಾತ್ರೆಗಳ ಚೀಟಿ ತೋರಿಸಿ. ರಕ್ತ ಬಾರದ ತರಚುಗಾಯವಾದರೂ ನಿಮಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುತ್ತದೆ.