ಪಂಚಾಯ್ತಿ ಖಾತೇಲಿ ಕೂತ ದುಡ್ಡನ್ನ ಊರಿನ ದುಡಿಮೆಗೆ ಹಚ್ಚೂದು ಹೇಗೆ

"ಅನುದಾನ ಇಲ್ಲ" ಅಂದ ಕೂಡ್ಲೆ ಪಂಚಾಯ್ತಿಯಿಂದ ವಾಪಸ್ ಬರ್ಬೇಡಿ. ಮೊದ್ಲು ಮೊಬೈಲಲ್ಲಿ ಇ-ಗ್ರಾಮ್ ಸ್ವರಾಜ್ (ಪಂಚಾಯ್ತಿ ಲೆಕ್ಕ ತೋರ್ಸೋ ಸರ್ಕಾರಿ ಜಾಲತಾಣ) ತೆಗೀರಿ, ಉತ್ತರ ಕನ್ನಡ, ನಿಮ್ಮ ತಾಲೂಕು, ನಿಮ್ಮ ಪಂಚಾಯ್ತಿ ಆರಿಸಿ, ಎಷ್ಟು ಬಂತು ಎಷ್ಟು ಖರ್ಚಾಯ್ತು ಅಲ್ಲೇ ಕಾಣ್ತದೆ. ತಿಳೀಲಿಲ್ಲ ಅಂದ್ರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ ಅಷ್ಟೇ, ಹಾಗಾಗಿ "ಮೂರು ವರ್ಷದ ಯೋಜನೆವಾರು ಜಮೆ, ಖರ್ಚು, ಉಳಿಕೆ" ಅಂತ ಬರೆದ್ರೆ ಸಾಕು.

ಇನ್ನು ಜನ ಸೋಲೂದು ಎಲ್ಲಿ ಅಂದ್ರೆ, ಉಳಿದ ದುಡ್ಡೆಲ್ಲ ಒಂದೇ ಅಂದ್ಕೊಳ್ತಾರೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರದಿಂದ ಪಂಚಾಯ್ತಿಗೆ ಬಂದ 2021-26ರ ಅನುದಾನನೇ ನೋಡಿ, 60% ನಿರ್ಬಂಧಿತ, ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೆ ಮಾತ್ರ, ಉಳಿದ 40% ಊರಿನ ಅಗತ್ಯಕ್ಕೆ ಬಳಸ್ಬಹುದು, ಸಂಬಳಕ್ಕೆ, ಆಫೀಸ್ ಖರ್ಚಿಗೆ ಬಳಸೋ ಹಾಗಿಲ್ಲ. ನಿರ್ಬಂಧಿತ ಅಂದ್ರೆ ದುಡಿಮೆಗೆ ಉಪಯೋಗ ಇಲ್ಲ ಅಂತಲ್ಲ! ಬೆಳಿಗ್ಗೆಯಿಂದ ಮೀನು ಮಾರೋ ಹೆಂಗಸರಿಗೆ ಮಾರ್ಕೆಟ್ಟಲ್ಲಿ ನಳ್ಳಿ ನೀರು, ಶೌಚಾಲಯ ಇಲ್ದೇ ಎಷ್ಟು ಕಷ್ಟ ಅಂತ ಕಾರವಾರ, ಅಂಕೋಲಾ ಕಡೆಯವರಿಗೆ ನಾನು ಹೇಳ್ಬೇಕಾ, ಅದನ್ನ ಈ 60%ರಲ್ಲೇ ಕೇಳಿ. ಶಿರಸಿ ಕಡೆ ಮುರುಗಲು (ಕೋಕಂ) ಹಣ್ಣಾಗೂದೇ ಮಳೆ ಹಿಡಿಯೋ ಹೊತ್ತಿಗೆ, ಸಿಪ್ಪೆ ಒಣಗಿಸೋಕೆ ಜಾಗ ಇಲ್ದೇ ಬೂಸ್ಟು ಬಂದು ಹಾಳಾಗ್ತದೆ, ಸಂಜೀವಿನಿ ಗುಂಪಿನವರಿಗೆ (ಹೆಂಗಸರ ಸ್ವಸಹಾಯ ಸಂಘ) ಒಂದು ಶೆಡ್ ಬೇಕು ಅಂತ 40%ರಲ್ಲಿ ಕೇಳಿ. ಕುಮಟಾದಲ್ಲಿ ಹೈವೇ ಬದಿ ಬಿಸಿಲಲ್ಲಿ ಕೂತು ಸಿಹಿ ಈರುಳ್ಳಿ ಮಾರೋರಿಗೆ ಮಾಡು ಬೇಕು ಅಂದ್ರೆ ಜಾಗ ಪಂಚಾಯ್ತೀದೇ ಆಗಿರ್ಬೇಕು, ಹೈವೇ ಜಾಗದಲ್ಲಿ ಪಂಚಾಯ್ತಿ ತಾನಾಗೇ ಕಟ್ಟೋಕೆ ಬರೂದಿಲ್ಲ.

ಆಮೇಲೆ ವಾರ್ಡ್ ಸಭೆ, ಅಲ್ಲಿಂದ ಗ್ರಾಮ ಸಭೆ. ಒಬ್ಬರೇ ಹೋಗ್ಬೇಡಿ, ಅದನ್ನ ಬಳಸೋ ಹೆಂಗಸರನ್ನೇ ಕರ್ಕೊಂಡು ಹೋಗಿ ಅವರ ಬಾಯಲ್ಲೇ ಹೇಳ್ಸಿ. ಬಾಯಿ ಮಾತಲ್ಲಿ "ಆಯ್ತು ಮಾಡುವ" ಅಂದ್ರೆ ಒಪ್ಬೇಡಿ, ನಡಾವಳೀಲಿ ಠರಾವು ಬರ್ಸಿ ಪ್ರತಿ ತಗೊಳ್ಳಿ, ಹಳೇ ಕಾಮಗಾರಿ ಬಿಟ್ಟು ಇದನ್ನ ಹಾಕೋದಾದ್ರೆ ಕ್ರಿಯಾ ಯೋಜನೆ ಬದಲಾಗಿ ಮಂಜೂರಿ ಆಗ್ಬೇಕು, ಇಂಜಿನಿಯರ್ ಎಸ್ಟಿಮೇಟ್ ಬೇಕು, ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡೀತದೆ. ಅದಕ್ಕೇ ಮಾರ್ಚ್ ತನಕ ಕಾಯ್ಬೇಡಿ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆ ತಯಾರಿ ಶುರು ಆಗ್ತದಲ್ಲ, ಆಗ್ಲೇ ಹೋಗಿ.

ಇನ್ನೊಂದು, ನಮ್ಮ ಕಡೆ ಒಂದು ಹೊಸ ಕಟ್ಟಡ ಕಟ್ಟಿದಾಗಿಂದ ಬೀಗ ಹಾಕ್ಕೊಂಡೇ ಇದೆ, ನೋಡಿದ್ರೆ ಹೊಟ್ಟೆ ಉರೀತದೆ. ನೀವು ಕಟ್ಟಿಸಿದ್ದಕ್ಕೂ ಹಾಗಾಗ್ಬಾರ್ದು ಅಂದ್ರೆ, ಬೀಗದ ಕೈ ಯಾರ ಹತ್ರ, ಕರೆಂಟ್ ಬಿಲ್ ಯಾರು ಕಟ್ಟೂದು, ಅದನ್ನೂ ಅದೇ ಠರಾವಲ್ಲಿ ಬರ್ಸಿ.