ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್ ದೀಪ ಹೊತ್ತಿಕೊಂಡಾಗ

ಚಕ್ರದ ಬೇರಿಂಗ್ ಬದಲಿಸಿದ ಬೆನ್ನಿಗೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹೊತ್ತಿಕೊಂಡರೆ ಹೆಚ್ಚಿನವರು ಮೊದಲು ಕೊಳ್ಳುವುದು ಚಕ್ರದ ವೇಗ ಅಳೆಯುವ ಸೆನ್ಸರ್. ದಯವಿಟ್ಟು ಹಾಗೆ ಮಾಡಬೇಡಿ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಪರದೆಯ ಮೇಲೆ ಸೆನ್ಸರ್‌ನ ಹೆಸರು ಬರುವುದು ನಿಜ. ಆದರೆ ಆ ಚಕ್ರದಿಂದ ಬರಬೇಕಾದ ಸಂಕೇತ ಬರುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಈಗಿನ ಅನೇಕ ಕಾರುಗಳಲ್ಲಿ ಸಂಕೇತ ಹುಟ್ಟುವುದು ಬೇರಿಂಗ್‌ನಲ್ಲಿರುವ ಕಾಂತದ ಬಳೆಯಿಂದ. ಅಲ್ಲಿಂದ ಸಣ್ಣದೊಂದು ಅಂತರ ದಾಟಿ ಸೆನ್ಸರ್‌ಗೆ, ಸೆನ್ಸರ್‌ನಿಂದ ವೈರ್‌ಗೆ, ವೈರ್‌ನಿಂದ ಕನೆಕ್ಟರ್ ಮೂಲಕ ಎಬಿಎಸ್ ಘಟಕಕ್ಕೆ ಹೋಗುತ್ತದೆ. ಕೈ ಹಾಕಿದ್ದು ಬೇರಿಂಗ್‌ಗೆ ಎಂದಮೇಲೆ ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು.

ಬೆಳಗಾವಿಯ ಖಾನಾಪುರ ರಸ್ತೆಯಲ್ಲಿರುವ ನನ್ನ ಗ್ಯಾರೇಜಿಗೆ ಕಳೆದ ಮಳೆಗಾಲದಲ್ಲಿ ಬಂದ ಕಾರಿನದೂ ಇದೇ ಕಥೆ. ಜಾಂಬೋಟಿ ಕಡೆಯ ಶಾಲೆಯಲ್ಲಿ ಪಾಠ ಹೇಳುವ ಮಾಸ್ತರರ ಕಾರು ಅದು. ಮುಂದಿನ ಬಲಚಕ್ರದಲ್ಲಿ ವೇಗ ಏರಿದಂತೆಲ್ಲ ಗುಂಯ್ ಎನ್ನುವ ಸದ್ದು ಬರುತ್ತಿತ್ತು, ಬೇರೊಂದು ಕಡೆ ಬೇರಿಂಗ್ ಬದಲಿಸಿದ್ದರು. ಸದ್ದು ನಿಂತಿತು, ದೀಪ ಹೊತ್ತಿತು. ಸಾವಿರಗಟ್ಟಲೆ ಕೊಟ್ಟು ಸೆನ್ಸರ್ ಹಾಕಿಸಿದರೂ ಆರಲಿಲ್ಲ. “ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಬಿಡಿ, ಬ್ರೇಕ್ ಹೇಗಿದ್ದರೂ ಹಿಡಿಯುತ್ತದಲ್ಲ ಎಂದು ಯಾರೋ ಹೇಳಿದರು” ಎಂದರು ಮಾಸ್ತರರು.

“ಬ್ರೇಕ್ ಹಿಡಿಯುತ್ತದೆ ಸರ್, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆದರೆ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ” ಎಂದೆ. ಎಬಿಎಸ್ ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸಿ, ಲಾಕ್ ಆಗಲು ಹೊರಟ ಚಕ್ರದ ಒತ್ತಡವನ್ನು ಕ್ಷಣಮಾತ್ರ ಸಡಿಲಿಸುತ್ತದೆ. ಒಂದು ಚಕ್ರದ ಲೆಕ್ಕ ಸಿಗದಿದ್ದರೆ ಆ ಕೆಲಸದಿಂದಲೇ ಹಿಂದೆ ಸರಿಯುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವ ರಸ್ತೆಯಲ್ಲಿ ಆಷಾಢದ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಬಿಎಸ್ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದರೆ ಕಾರನ್ನು ಓಡಿಸಲೇಬೇಡಿ. ಆಗ ಹಿಂದಿನ ಚಕ್ರಗಳ ಒತ್ತಡವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೂ ನಿಂತಿರಬಹುದು, ಬ್ರೇಕ್ ಎಣ್ಣೆಯೂ ಕಡಿಮೆಯಾಗಿರಬಹುದು.

ಸ್ಕ್ಯಾನರ್ ಹಚ್ಚುವುದಕ್ಕೂ ಮೊದಲು ನಾನು ನೋಡುವುದು ದೀಪ ಯಾವಾಗ ಹೊತ್ತುತ್ತದೆ ಎಂಬುದನ್ನು. ಕೀಲಿ ತಿರುಗಿಸಿದಾಗ ಹೊತ್ತಿದ ದೀಪ ಆರದೆ ಹಾಗೇ ಉಳಿದರೆ ವೈರ್ ತುಂಡಾಗಿರುವ ಅಥವಾ ಕನೆಕ್ಟರ್ ಕೂರದಿರುವ ಸಾಧ್ಯತೆ ಹೆಚ್ಚು; ನಿಂತಲ್ಲೇ ನಡೆಸುವ ಪರೀಕ್ಷೆಯಲ್ಲಿ ಘಟಕಕ್ಕೆ ಅದು ಗೊತ್ತಾಗುತ್ತದೆ. ದೀಪ ಆರಿ, ಕಾರು ಸ್ವಲ್ಪ ಚಲಿಸಿದ ಮೇಲೆ ಮತ್ತೆ ಹೊತ್ತಿದರೆ ವೈರ್ ಸಾಮಾನ್ಯವಾಗಿ ಸರಿಯಿರುತ್ತದೆ, ತಿರುಗುವ ಚಕ್ರದ ಸಂಕೇತ ಮಾತ್ರ ಬರುತ್ತಿರುವುದಿಲ್ಲ. ಮಾಸ್ತರರ ಕಾರು ಗ್ಯಾರೇಜಿನ ಗೇಟ್ ದಾಟುವವರೆಗೆ ಸುಮ್ಮನಿದ್ದು ಆಮೇಲೆ ದೀಪ ಹೊತ್ತಿಸಿತು. ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು.

ಮೊಬೈಲ್‌ಗೆ ಜೋಡಿಸುವ ಅಗ್ಗದ ಉಪಕರಣಗಳು ಹೆಚ್ಚಾಗಿ ಎಂಜಿನ್ನಿನ ಕೋಡ್‌ಗಳನ್ನಷ್ಟೇ ಓದುತ್ತವೆ. ಎಬಿಎಸ್ ಘಟಕದ ಜೊತೆ ಮಾತನಾಡಬಲ್ಲ ಸ್ಕ್ಯಾನರ್ ಬೇಕು. ಕೋಡ್‌ಗಿಂತ ನನಗೆ ನಂಬಿಕೆ ನಾಲ್ಕು ಚಕ್ರಗಳ ವೇಗ ಒಟ್ಟಿಗೆ ಕಾಣುವ ಪುಟದ ಮೇಲೆ. ನಾನು ನಿಧಾನವಾಗಿ ಓಡಿಸಿದೆ, ನಮ್ಮ ಹುಡುಗ ಪಕ್ಕದಲ್ಲಿ ಕುಳಿತು ಓದಿದ. ಮೂರು ಚಕ್ರಗಳ ಅಂಕಿ ಕೂಡಿಯೇ ಏರಿದರೆ ಮುಂದಿನ ಬಲಚಕ್ರ ಸೊನ್ನೆಯಲ್ಲೇ ನಿಂತಿತ್ತು.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದರೂ ವೈರ್ ಎಲ್ಲಿಯೂ ಎಳೆದುಕೊಳ್ಳಲಿಲ್ಲ. ಕನೆಕ್ಟರ್‌ನಲ್ಲಿ ಹಸಿರು ಕಿಲುಬಿರಲಿಲ್ಲ, ಕೀಲಿ ಹಾಕಿದಾಗ ವೋಲ್ಟೇಜ್ ಬರುತ್ತಿತ್ತು. ಇದು ವಿದ್ಯುತ್ ಪಡೆದು ಕೆಲಸ ಮಾಡುವ ಎರಡು ವೈರ್‌ಗಳ ಸೆನ್ಸರ್. ಹಳೆಯ ಸುರುಳಿ ಸೆನ್ಸರ್‌ಗಳಂತೆ ಇದರ ವಿದ್ಯುತ್ ರೋಧವನ್ನು (ಓಮ್) ಅಳೆದು ತೀರ್ಪು ಕೊಡಲಾಗದು. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಕಟ್ಟಿದರೆ ಅದು ಕೂದಲೆಳೆಯಷ್ಟು ಮೇಲೆದ್ದು ಅಂತರ ಹೆಚ್ಚುತ್ತದೆ. ಇಲ್ಲಿ ಅದೂ ಚೊಕ್ಕವಾಗಿತ್ತು.

ಉಳಿದದ್ದು ಬಳೆ. ಈ ಬೇರಿಂಗ್‌ಗಳಲ್ಲಿ ಒಂದು ಬದಿಯ ಸೀಲ್‌ನೊಳಗೇ ಉತ್ತರ, ದಕ್ಷಿಣ ಧ್ರುವಗಳು ಒಂದಾದ ಮೇಲೊಂದರಂತೆ ಸುತ್ತಲೂ ಇರುತ್ತವೆ. ಕಣ್ಣಿಗೆ ಅದು ಬರಿಯ ಕಂದುಗಪ್ಪು ರಬ್ಬರ್. ಆ ಬದಿ ಸೆನ್ಸರ್ ಕಡೆಗೇ ಬರಬೇಕು. ದಾರಕ್ಕೆ ಕಟ್ಟಿದ ಸ್ಟೇಪಲ್ ಪಿನ್ನನ್ನು ಸೆನ್ಸರ್ ತೂತಿನೊಳಗೆ ಇಳಿಬಿಟ್ಟೆ. ಬಳೆ ಇದ್ದಿದ್ದರೆ ಪಿನ್ ಅದಕ್ಕೆ ಅಂಟಿಕೊಳ್ಳಬೇಕಿತ್ತು. ಅಂಟಲಿಲ್ಲ. ಚಕ್ರ ಕೂರುವ ಹಬ್ ಹೊರತೆಗೆದು ಬೇರಿಂಗ್‌ನ ಆಚೆ ಬದಿಗೆ ಕಾಂತ ತೋರಿಸುವ ಹಸಿರು ಕಾರ್ಡ್ ಹಿಡಿದಾಗ ಸಾಲು ಸಾಲು ಗೆರೆಗಳು ಮೂಡಿದವು. ಬೇರಿಂಗ್ ಒಳ್ಳೆಯದೇ, ಕೂರಿಸಿದ್ದು ತಿರುಗುಮುರುಗಾಗಿ. ಕೂರಿಸಿದವರನ್ನು ನಾನು ಹಳಿಯುವುದಿಲ್ಲ. ಬಳೆಯಿಲ್ಲದ ಹಳೆಯ ಬೇರಿಂಗ್‌ಗಳನ್ನು ಯಾವ ಬದಿಯಿಂದ ಕೂರಿಸಿದರೂ ನಡೆಯುತ್ತಿತ್ತು, ಕೈ ಅದಕ್ಕೇ ಒಗ್ಗಿಹೋಗಿರುತ್ತದೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆ ರೂಢಿಯನ್ನು ಇನ್ನು ಬಿಡಲೇಬೇಕು.

ಹಬ್ ಕೀಳುವಾಗ ಬಲವೆಲ್ಲ ಒಳಗಿನ ಉಕ್ಕಿನ ಗುಂಡುಗಳ ಮೂಲಕ ಹಾದು ಬೇರಿಂಗ್ ಕೆಡುತ್ತದೆ, ಆದ್ದರಿಂದ ಅದನ್ನೇ ತಿರುಗಿಸಿ ಕೂರಿಸುವಂತಿರಲಿಲ್ಲ. ಹೊಸದನ್ನು ತಂದು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದು ಮಷೀನ್ ಶಾಪ್‌ನ ಹೈಡ್ರಾಲಿಕ್ ಪ್ರೆಸ್‌ಗೆ ಒಯ್ದೆ. ಅಲ್ಲಿ ಒಂದು ಎಚ್ಚರ ಬೇಕು. ಲೇತ್‌ಗಳ ನಡುವೆ ಮೇಜಿನ ಮೇಲೆಲ್ಲ ಕಬ್ಬಿಣದ ಪುಡಿ ಇರುತ್ತದೆ, ಕಾಂತದ ಬಳೆ ಅದನ್ನು ಎಳೆದುಕೊಂಡರೆ ಸಂಕೇತ ಕೆಡಬಹುದು. ಹಾಗಾಗಿ ಕಡೆಯ ಗಳಿಗೆಯವರೆಗೆ ಪೊಟ್ಟಣ ಒಡೆಯಲಿಲ್ಲ, ಕೆಳಗೆ ಶುಭ್ರ ಬಟ್ಟೆ ಹಾಸಿದೆ. ಬೋಲ್ಟ್ ಇಡುವ ಮ್ಯಾಗ್ನೆಟ್ ತಟ್ಟೆಯನ್ನೂ ಹತ್ತಿರ ತರಬಾರದು. ಕಾರ್ಡ್ ಹಿಡಿದು ಬಳೆಯ ಬದಿ ಗುರುತಿಸಿ, ಹೊರ ಅಂಚಿಗೆ ಬಣ್ಣದ ಚುಕ್ಕೆ ಇಟ್ಟೆ. ನಕಲ್‌ನೊಳಗೆ (ಬೇರಿಂಗ್ ಕೂರುವ ಲೋಹದ ಭಾಗ) ಒತ್ತುವಾಗ ಬೇರಿಂಗ್‌ನ ಹೊರಗಿನ ಉಕ್ಕಿನ ಸುತ್ತಿಗೆ ಮಾತ್ರ ಬಲ ಬೀಳಬೇಕು. ಹಬ್ ಒತ್ತುವಾಗ ಹಿಂದಿನಿಂದ ಒಳಗಿನ ಉಕ್ಕಿನ ಸುತ್ತಿಗೆ ಆಸರೆ ಕೊಡಬೇಕು. ಇಲ್ಲಿ ಆತುರಪಟ್ಟರೆ ಗುಂಯ್ ಸದ್ದು ಮತ್ತೆ ಬರುತ್ತದೆ.

ಆ್ಯಕ್ಸಲ್‌ಗೆ ಹೊಸ ನಟ್ಟನ್ನೇ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬೀಳುವ ಮೊದಲು, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿದೆ. ಕೋಡ್ ಅಳಿಸಿ ಓಡಿಸಿದಾಗ ನಾಲ್ಕೂ ಅಂಕಿಗಳು ಒಂದರ ಜೊತೆ ಒಂದು ಏರಿದವು. ಖಾಲಿ ಒದ್ದೆ ನೆಲದಲ್ಲಿ ಬ್ರೇಕನ್ನು ಜೋರಾಗಿ ತುಳಿದು, ಪೆಡಲ್ ಕಾಲಿಗೆ ಗಡಗಡ ಮಿಡಿಯುವುದನ್ನು ನೋಡಿದ ಮೇಲೆಯೇ ಕೀಲಿಯನ್ನು ಮಾಸ್ತರರ ಕೈಗೆ ಕೊಟ್ಟೆ.

ಬೇರಿಂಗ್ ಕೊಳ್ಳುವವರಿಗೆ ಇನ್ನೊಂದು ಮಾತು. ಒಂದೇ ಮಾದರಿಯ ಕಾರಿಗೆ, ಒಂದೇ ಅಳತೆಯಲ್ಲಿ, ಬಳೆಯಿರುವ ಮತ್ತು ಬಳೆಯಿಲ್ಲದ ಎರಡು ಬೇರಿಂಗ್‌ಗಳು ಸಿಗುವುದುಂಟು. ಎರಡೂ ಸರಿಯಾಗಿಯೇ ಕೂರುತ್ತವೆ. ಅಂಗಡಿಯಲ್ಲಿ ಕಾರಿನ ಹೆಸರಿನ ಜೊತೆಗೆ ಚಾಸಿ ಸಂಖ್ಯೆಯನ್ನೂ ಕೊಟ್ಟು ಕೇಳಿ, ದುಡ್ಡು ಕೊಡುವ ಮೊದಲು ಅಲ್ಲೇ ಕಾರ್ಡ್ ಹಿಡಿದು ನೋಡಿ.