ತಪ್ಪು ತಕ್ಕಡಿಯದ್ದು, ಬೈಗುಳ ರೈಫಲ್‌ಗೆ

ನನ್ನ ರೈಫಲ್ಲಿನ ತೋಟಾಗಳಿಗೆ ಮದ್ದು ತೂಗಿ ತುಂಬುವುದು ನಾನೇ. 100 ಮೀಟರ್‌ನಲ್ಲಿ ಐದೂ ಗುಂಡು ಒತ್ತೊತ್ತಾಗಿ ಕೂರುತ್ತಿದ್ದವು. 800 ಮೀಟರ್‌ಗೆ ಹೋದರೆ ಒಂದು ಮೇಲೆ, ಒಂದು ಕೆಳಗೆ. ಗಾಳಿಯ ಕಾಟವಾಗಿದ್ದರೆ ಪಕ್ಕಕ್ಕೆ ಹೋಗಬೇಕಿತ್ತು, ಅಲ್ವಾ? ಸುಮ್ನೆ ಎರಡು ವಾರ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪಿನ ಸ್ಕ್ರೂ ಬಿಗಿ ಮಾಡುತ್ತಾ ಕೂತೆ.

ಕೊನೆಗೆ ಕ್ರೋನೋಗ್ರಾಫ್ ಇಟ್ಟು ವೇಗ ಅಳೆದೆ. ಹತ್ತು ಗುಂಡುಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಸೆಕೆಂಡಿಗೆ 14 ಮೀಟರ್ ವ್ಯತ್ಯಾಸ! ಹತ್ತಿರದಲ್ಲಿ ಇದು ಕಾಣುವುದಿಲ್ಲ. ದೂರ ಹೋದಷ್ಟೂ ನಿಧಾನದ ಗುಂಡು ಜಾಸ್ತಿ ಹೊತ್ತು ಗಾಳಿಯಲ್ಲಿದ್ದು ಜಾಸ್ತಿ ಕೆಳಗಿಳಿಯುತ್ತದೆ.

ಮದ್ದು ಹೆಚ್ಚುಕಮ್ಮಿಯಾದರೆ ವೇಗವೂ ಹೆಚ್ಚುಕಮ್ಮಿ. ಹಾಗಾಗಿ ಮದ್ದು ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ಅನುಮಾನ ಬಂತು. ಖಾಲಿ ಬಟ್ಟಲು ಎತ್ತಿಟ್ಟೆ. ಸೊನ್ನೆ ಬರಬೇಕಾದಲ್ಲಿ 0.2 ಗ್ರೇನ್. ಇನ್ನೊಮ್ಮೆ ಇಟ್ಟರೆ 0.4. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಅದರಲ್ಲೂ ಅರ್ಧದ ಹತ್ತಿರ ಆಚೀಚೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ತಕ್ಕಡಿಯನ್ನು ಆನ್ ಮಾಡಿದ ಕೂಡಲೇ ತೂಗಲು ಶುರು ಮಾಡುವ ಚಾಳಿ ಬೇರೆ ನನಗೆ.

ಈಗ ಫ್ಯಾನ್ ಬಂದ್. ತಕ್ಕಡಿ ಅರ್ಧ ಗಂಟೆ ಬಿಸಿಯಾಗಬೇಕು. ಪ್ರತಿ ಹತ್ತು ತೂಕಕ್ಕೊಮ್ಮೆ ಪರೀಕ್ಷೆಗೆ ತೂಕದ ಬಟ್ಟು ಇಟ್ಟು ನೋಡುತ್ತೇನೆ, ತಪ್ಪಿದರೆ ಆ ಹತ್ತನ್ನೂ ಸುರಿದು ಮತ್ತೆ ತೂಗುತ್ತೇನೆ. ಮದ್ದಿನ ಅಳತೆ ಮಾತ್ರ ಲೋಡಿಂಗ್ ಕೈಪಿಡಿಯದ್ದೇ, ಅದರಲ್ಲಿ ಆಟವಿಲ್ಲ.

ಹೋದ ಸಲ ವೇಗದ ವ್ಯತ್ಯಾಸ ಸೆಕೆಂಡಿಗೆ 6 ಮೀಟರ್‌ಗೆ ಇಳಿದಿತ್ತು. ಸ್ಕೋಪಿನ ಸ್ಕ್ರೂ ಒಂದರ ತಲೆ ಸವೆದಿದೆ, ಅದನ್ನು ಬದಲಿಸಬೇಕು.